ತಿರುವೈಯಾರಿಗೆ ಹೋದ ಮೈಸೂರಿನ ಶಿಷ್ಯ

ನಮ್ಮೂರು ಪರಶುರಾಂಪುರ. ವೇದಾವತಿಯ ದಡದ ಊರು ಎಂದೊಡನೆ ವಾಚಕರು ತಂಪಾದ ಚಿತ್ರವೊಂದನ್ನು ಕಲ್ಪಿಸಿಕೊಂಡಾರು. ವರ್ಷದ ಬಹುಪಾಲು ಅಲ್ಲಿ ಕಾಣುವುದು ಮರಳು ಮಾತ್ರ. ಆಂಧ್ರದ ಗಡಿ ಹತ್ತಿರವಾದ್ದರಿಂದ ತೆಲುಗು ನಮಗೆ ಪರಭಾಷೆಯಾಗಿ ತೋರುವುದಿಲ್ಲ. 1980ರಲ್ಲಿ ತೆರೆಕಂಡ 'ಶಂಕರಾಭರಣಂ' ಚಿತ್ರವನ್ನು ನೋಡಿಬಂದ ನಮ್ಮಜ್ಜಿ, ಅದರಲ್ಲಿನ 'ಬ್ರೋಚೇವಾರೆವರುರಾ' ಕೃತಿಯನ್ನು ರೊಟ್ಟಿ ತಟ್ಟುವಾಗಲೂ ಗುನುಗುತ್ತಿದ್ದಳಂತೆ. ಅದು ತ್ಯಾಗರಾಜರ ರಚನೆಯೆಂದೇ ಅವಳ ನಂಬಿಕೆ. ನನ್ನದೂ ಅದೇ ಆಗಿತ್ತು. ಖಮಾಚ್ ರಾಗದ ಆ ಕೃತಿಯನ್ನು ರಚಿಸಿದವರು ಕನ್ನಡ ನಾಡಿನವರೇ ಆದ ಮೈಸೂರು ವಾಸುದೇವಾಚಾರ್ಯರೆಂಬುದು ನನಗೆ ತಿಳಿದದ್ದು ಈ ವರ್ಷ, ಅದೂ ಒಂದು ನಿರಾಶೆಯ ದೆಸೆಯಿಂದ.

ಬೇಸಿಗೆಯ ರಜೆಯಲ್ಲಿ ಮೈಸೂರಿನ ವಿದ್ವಾಂಸರೊಬ್ಬರ ಮನೆಯಲ್ಲಿ ಒಂದು ತಿಂಗಳಿದ್ದು ಸಂಗೀತ ಕಲಿಯಲು ನನಗೆ ಅನುಮತಿ ದೊರೆತಿತ್ತು. ಹತ್ತು ಹೊಸ ಕೀರ್ತನೆಗಳನ್ನಾದರೂ ಕಲಿತು ಬಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡುವೆನೆಂದು ಗೆಳತಿಯರ ಮುಂದೆ ಕೊಚ್ಚಿಕೊಂಡಿದ್ದೆ. ಅಷ್ಟರಲ್ಲಿ ಅವರಿಂದ ಕಾಗದ ಬಂತು. ಹೊಸ ಪಾಠವೇನೂ ಇರುವುದಿಲ್ಲ; ತಂಬೂರಿ ಮೀಟುತ್ತ ಕುಳಿತು ಶ್ರುತಿ ಕೇಳಬೇಕು; ಅವರು ಹಾಡುವಾಗ ಸುಮ್ಮನಿರಬೇಕು. ಇದಕ್ಕಾಗಿ ಅಪ್ಪನಿಂದ ಬಸ್ಸಿನ ಖರ್ಚು ಕೇಳುವುದೇ ಎಂದು ಅಳು ಬಂತು. ಹೋಗುವುದಿಲ್ಲವೆಂದು ಬರೆದುಬಿಡಲು ನಿಶ್ಚಯಿಸಿದ್ದ ದಿನಗಳಲ್ಲಿಯೇ ಕಾಲೇಜಿನ ಪುಸ್ತಕಭಂಡಾರದಲ್ಲಿ ಆಚಾರ್ಯರ ವಿಷಯ ಓದಲು ಸಿಕ್ಕಿತು.

ವಾಸುದೇವಾಚಾರ್ಯರು ಹುಟ್ಟಿದ್ದು 1865ರ ಮೇ 28ರಂದು, ಮೈಸೂರಿನಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ತಾತನ ಆಶ್ರಯದಲ್ಲಿ ಬೆಳೆದರು. ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ತರ್ಕ, ಅಲಂಕಾರಗಳ ವ್ಯಾಸಂಗ ನಡೆಯಿತು. ಅದರೊಂದಿಗೆ ಆಸ್ಥಾನದ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತದ ಪಾಠವೂ ಆಯಿತು. ಪಂಡಿತರ ಮನೆತನದ ಹುಡುಗನಿಗೆ ಶಾಸ್ತ್ರವೇ ಜೀವನೋಪಾಯವಾಗಬಹುದಾಗಿತ್ತು. ಆದರೆ ಮನಸ್ಸು ನೆಟ್ಟದ್ದು ಗಾನದಲ್ಲಿ. ಇದನ್ನು ಗುರುತಿಸಿದ ಚಾಮರಾಜೇಂದ್ರ ಒಡೆಯರು ವಿದ್ಯಾರ್ಥಿವೇತನವನ್ನು ಕೊಡಿಸಿ, ತಂಜಾವೂರು ಸೀಮೆಯ ತಿರುವೈಯಾರಿನಲ್ಲಿದ್ದ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಬಳಿಗೆ ಕಳುಹಿಸಿದರು.

ಅಯ್ಯರವರು ಸಾಮಾನ್ಯರಲ್ಲ. ತ್ಯಾಗರಾಜರ ಶಿಷ್ಯರಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯನವರ ಶಿಷ್ಯರು. ಕದನಕುತೂಹಲ ರಾಗದ 'ರಘುವಂಶಸುಧಾ' ರಚಿಸಿದವರು. ಬೇಗಡೆ ರಾಗವೆಂದರೆ ಅವರ ಹೆಸರನ್ನೇ ಹೇಳುವ ವಾಡಿಕೆಯಿತ್ತು. ಅವರ ಶಾರೀರ ಹುಟ್ಟಿನಿಂದ ಇಂಪಾದುದಲ್ಲವೆಂದೂ, ಬಿಡದ ಸಾಧನೆಯಿಂದ ಅದಕ್ಕೆ ಘನತೆ ತಂದುಕೊಂಡರೆಂದೂ ಸಂಗೀತಗಾರರು ಹೇಳುತ್ತಾರೆ. ಇಂಥ ಗುರುವಿಗೆ ಆತುರದ ಶಿಷ್ಯರು ಎಲ್ಲಿ ಹಿಡಿಸಿಯಾರು!

ಅರಸರ ನೆರವಿನಿಂದ, ಕಾವ್ಯಶಾಸ್ತ್ರಗಳನ್ನು ಓದಿಕೊಂಡು ಬಂದ ತರುಣನಿಗೆ ದಿನವೂ ಎದುರಿಗೆ ಕೂರಿಸಿಕೊಂಡು ಪಾಠ ಹೇಳುವರೆಂಬ ನಿರೀಕ್ಷೆಯಿದ್ದರೆ ಅದು ತಪ್ಪೆನ್ನಲಾಗದು. ಆದರೆ ಅಂದಿನ ಗುರುಕುಲದ ಕ್ರಮವೇ ಬೇರೆ. ಶಿಷ್ಯನಾದವನು ಮನೆಯವನಂತೆ ಇರಬೇಕು, ಕೆಲಸಬೊಗಸೆಗಳಿಗೆ ಒದಗಬೇಕು, ಗುರುಗಳು ಸಾಧನೆಗೆ ಕುಳಿತಾಗ ಹಿಂದೆ ಕುಳಿತು ತಂಬೂರಿ ಮೀಟಬೇಕು. ಅವರು ಯಾವ ಹೊತ್ತಿನಲ್ಲಿ ಯಾವ ರಾಗವನ್ನು ಎತ್ತಿಕೊಂಡಾರೆಂಬುದು ಯಾರಿಗೂ ಗೊತ್ತಿಲ್ಲ. ಬರೆದುಕೊಳ್ಳುವ ಮಾತೇ ಇಲ್ಲ. ಕಿವಿಗೆ ಬಿದ್ದದ್ದು ಎಷ್ಟೋ ಅಷ್ಟೇ ಲಾಭ. ಗುರುವಿಗೆ ಮನಸ್ಸು ಬಂದ ದಿನ ಪಾಠ. ಈ ಪದ್ಧತಿಯಲ್ಲಿ ಬಸವಳಿದು ಊರಿಗೆ ಮರಳಿದವರೂ ಇದ್ದಿರಲೇಬೇಕು. ಅವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ನಾನಾಗಿದ್ದರೆ ಆ ಪಟ್ಟಿಗೇ ಸೇರುತ್ತಿದ್ದೆನೋ ಏನೋ. ವಾಸುದೇವಾಚಾರ್ಯರು ನಿಂತರು. ತಮ್ಮ ನಾಡಿನಿಂದಲೇ ಇಳಿದುಬಂದ ಕಾವೇರಿ ತಿರುವೈಯಾರಿನಲ್ಲಿಯೂ ಇದ್ದಾಳಷ್ಟೆ. ಮನೆಯ ನೆನಪು ಬಂದಾಗ ಆ ನೀರನ್ನು ನೋಡಿ ಸಮಾಧಾನಪಟ್ಟಿರಬಹುದೆಂದು ನನ್ನ ಊಹೆ. ರಾಮನಾಡಿನ ಪೂಚಿ ಶ್ರೀನಿವಾಸ ಅಯ್ಯಂಗಾರರೂ ನಮ್ಮವರೇ ಆದ ಭೈರವಿ ಕೆಂಪೇಗೌಡರೂ ಇದೇ ಗುರುವಿನ ಶಿಷ್ಯರು.

ಮುಂದಿನ ಕಥೆ ಕೀರ್ತಿಯದು, ಬೇಗ ಹೇಳಬಹುದು. ಆಚಾರ್ಯರು ಮೈಸೂರಿಗೆ ಹಿಂದಿರುಗಿ ಆಸ್ಥಾನ ವಿದ್ವಾಂಸರಾದರು. ಜಯಚಾಮರಾಜ ಒಡೆಯರ ಕಾಲವನ್ನೂ ಕಂಡರು. ಇನ್ನೂರರಷ್ಟು ಕೃತಿಗಳನ್ನು ರಚಿಸಿದರು. ಹೆಚ್ಚಿನವು ತೆಲುಗು ಮತ್ತು ಸಂಸ್ಕೃತದಲ್ಲಿ, 'ವಾಸುದೇವ' ಎಂಬ ಮುದ್ರೆಯೊಂದಿಗೆ. ಕನ್ನಡಿಗರಾಗಿ ಕನ್ನಡದಲ್ಲಿ ಇನ್ನಷ್ಟು ಬರೆಯಬಾರದಾಗಿತ್ತೇ ಎಂದು ಗೊಣಗುವವರುಂಟು. ನಮ್ಮ ಗಡಿಯೂರಿನವರಿಗೆ ಅದು ದೊಡ್ಡ ದೋಷವಾಗಿ ಕಾಣದು. ಮೇಲಾಗಿ ಗದ್ಯದಲ್ಲಿ ಆ ಸಾಲವನ್ನು ಅವರು ಬಡ್ಡಿಸಹಿತ ತೀರಿಸಿದ್ದಾರೆ. 'ನಾ ಕಂಡ ಕಲಾವಿದರು' ಪುಸ್ತಕದಲ್ಲಿ ತಾವು ಕಂಡ ಸಂಗೀತಗಾರರ ಜೀವನವನ್ನು ಕನ್ನಡದಲ್ಲಿಯೇ ಪ್ರೀತಿಯಿಂದ ಬರೆದಿಟ್ಟರು. 'ನೆನಪುಗಳು' ಅವರ ಸ್ವಂತ ಕಥೆ. 1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1959ರಲ್ಲಿ ಪದ್ಮಭೂಷಣ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಮುಪ್ಪಿನ ಸಂಗತಿ. ಎಂಬತ್ತು ದಾಟಿದ ಮೇಲೆ, ರುಕ್ಮಿಣಿದೇವಿ ಅರುಂಡೇಲರ ಕರೆಗೆ ಓಗೊಟ್ಟು ಮೈಸೂರನ್ನು ಬಿಟ್ಟು ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ಅಲ್ಲಿ ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ರಾಗ ಹಾಕಲು ತೊಡಗಿದರು. ಮೊದಲನೆಯದಾದ ಸೀತಾಸ್ವಯಂವರ 1955ರಲ್ಲಿ ರಂಗಕ್ಕೆ ಬಂದಾಗ ಅವರ ವಯಸ್ಸು ತೊಂಬತ್ತು. ಹುಡುಗನಾಗಿ ಪರಸ್ಥಳದಲ್ಲಿ ಇದ್ದು ಕಲಿತವರು, ಮುದುಕರಾಗಿ ಪರಸ್ಥಳದಲ್ಲಿ ಇದ್ದು ಕಲಿಸಿದರು. ರಾಮಾಯಣದ ಕೆಲಸ ಪೂರ್ತಿಯಾಗುವುದನ್ನು ಕಾಣಲಿಲ್ಲ. 1961ರ ಮೇ 17ರಂದು, ತೊಂಬತ್ತಾರು ತುಂಬಲು ಹನ್ನೊಂದು ದಿನ ಉಳಿದಿರುವಾಗ ತೀರಿಕೊಂಡರು. ಮಿಕ್ಕ ಭಾಗಕ್ಕೆ ಸಂಗೀತ ಅಳವಡಿಸಿದವರು ಅವರ ಮೊಮ್ಮಗ ರಾಜಾರಾಂ.

ಆ ಕೃತಿ ತ್ಯಾಗರಾಜರದಲ್ಲವೆಂದು ಅಜ್ಜಿಗೆ ಹೇಳಿದೆ. ಯಾರದಾದರೇನು, ಮೊದಲು ನೀನು ಶ್ರುತಿ ಬಿಡದೆ ಹಾಡುವುದನ್ನು ಕಲಿ ಎಂದಳು. ಮೈಸೂರಿನವರಿಗೆ ಬರುತ್ತೇನೆಂದು ಕಾಗದ ಹಾಕಿದ್ದೇನೆ. ಪರೀಕ್ಷೆ ಮುಗಿದ ಮರುದಿನ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೋಗಿ ಅಲ್ಲಿಂದ ಮುಂದಿನ ದಾರಿ ಹಿಡಿಯಬೇಕು. ಹೊಸ ಕೀರ್ತನೆಗಳಿಗೆಂದು ಕೊಂಡಿದ್ದ ಇನ್ನೂರು ಪುಟದ ನೋಟುಪುಸ್ತಕವನ್ನು ತಂಗಿಗೆ ಕೊಟ್ಟೆ.