ಗಣಕವನ್ನು ಎಲ್ಲರ ಪಾಠವಾಗಿಸಿದ ಜಾನ್ ಕೆಮೆನಿ

ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದುವ ಪದವಿ ವಿದ್ಯಾರ್ಥಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಪಾಠ ಏಕೆ ಬೇಕು? ಪಠ್ಯಕ್ರಮ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಯಿದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಪುಟ್ಟ ಪಟ್ಟಣದಲ್ಲಿ ಗಣಿತದ ಪ್ರಾಧ್ಯಾಪಕರೊಬ್ಬರು ಅರವತ್ತು ವರ್ಷಗಳ ಹಿಂದೆಯೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಉತ್ತರ ಕೊಟ್ಟದ್ದು ಭಾಷಣದಲ್ಲಲ್ಲ. ಹೊಸದೊಂದು ಭಾಷೆಯನ್ನೂ ಹೊಸದೊಂದು ವ್ಯವಸ್ಥೆಯನ್ನೂ ಕಟ್ಟಿ. ಅವರೇ ಜಾನ್ ಜಾರ್ಜ್ ಕೆಮೆನಿ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಇಬ್ಬರು ಜನಕರಲ್ಲಿ ಒಬ್ಬರು.

ಬುಡಾಪೆಸ್ಟ್‌ನಿಂದ ಲಾಸ್ ಅಲಮೋಸ್‌ಗೆ

1926ರ ಮೇ 31ರಂದು ಹಂಗೇರಿಯ ಬುಡಾಪೆಸ್ಟ್ ನಗರದ ಯೆಹೂದಿ ಕುಟುಂಬವೊಂದರಲ್ಲಿ ಕೆಮೆನಿ ಜನಿಸಿದರು. ಯುರೋಪಿನ ಮೇಲೆ ಕವಿಯುತ್ತಿದ್ದ ನಾಜಿ ಕಾರ್ಮೋಡವನ್ನು ಅವರ ತಂದೆ ಮೊದಲೇ ಗ್ರಹಿಸಿದ್ದರು. 1938ರಲ್ಲಿ ಒಬ್ಬರೇ ಅಮೆರಿಕಕ್ಕೆ ತೆರಳಿ, 1940ರಲ್ಲಿ ಕುಟುಂಬವನ್ನು ಕರೆಸಿಕೊಂಡರು. ಊರು ಬಿಡಲು ಒಪ್ಪದ ಅಜ್ಜ ಯೆಹೂದಿಗಳ ನರಮೇಧದಲ್ಲಿ ಬಲಿಯಾದರು.

ನ್ಯೂಯಾರ್ಕ್‌ನ ಶಾಲೆಗೆ ಸೇರಿದ ಬಾಲಕ ಮೂರು ವರ್ಷಗಳಲ್ಲಿ ತರಗತಿಗೆ ಪ್ರಥಮನಾಗಿ ತೇರ್ಗಡೆಯಾದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದಾಗಲೇ ಸೇನೆಯ ಕರೆ ಬಂತು. 1945ರಲ್ಲಿ ಆತ ಅಣುಬಾಂಬ್ ತಯಾರಿಕೆಯ ರಹಸ್ಯ ಕೇಂದ್ರವಾದ ಲಾಸ್ ಅಲಮೋಸ್‌ಗೆ ಬಂದಿಳಿದ. ಅಲ್ಲಿನ ಲೆಕ್ಕಾಚಾರ ವಿಭಾಗದ ಹೊಣೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರದು. ವ್ಯಾಪಾರದ ಲೆಕ್ಕಪತ್ರಕ್ಕೆಂದು ತಯಾರಾಗಿದ್ದ ಐಬಿಎಂ ಯಂತ್ರಗಳಿಗೆ ರಂಧ್ರ ಕೊರೆದ ಕಾರ್ಡುಗಳನ್ನು ಉಣಿಸುತ್ತ ಹಗಲಿರುಳು ದುಡಿದರೂ ಒಂದು ಸಮೀಕರಣ ಬಿಡಿಸಲು ವಾರಗಳು ಹಿಡಿಯುತ್ತಿದ್ದವು. ಅಲ್ಲಿ ಒಂದು ವರ್ಷ ನಡೆದಷ್ಟು ಲೆಕ್ಕವನ್ನು ತಮ್ಮ ವಿದ್ಯಾರ್ಥಿಯೊಬ್ಬ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಲ್ಲನೆಂದು ಮುಂದೆ ಕೆಮೆನಿ ಹೋಲಿಸಿ ಹೇಳುತ್ತಿದ್ದರು. ಯಂತ್ರದೊಳಗೇ ಆದೇಶಗಳನ್ನು ಸಂಗ್ರಹಿಸಿಡುವ ಗಣಕದ ಕಲ್ಪನೆಯನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರ ಬಾಯಿಂದಲೇ ಕೇಳಿದ್ದೂ ಲಾಸ್ ಅಲಮೋಸ್‌ನಲ್ಲಿಯೇ.

ಯುದ್ಧಾನಂತರ ಪ್ರಿನ್ಸ್‌ಟನ್‌ಗೆ ಮರಳಿದ ಕೆಮೆನಿ, ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದರು. ಅದೇ ಅವಧಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಗಣಿತ ಸಹಾಯಕರಾಗಿಯೂ ದುಡಿದರು.

ಗಣಿತ ಎಲ್ಲರಿಗಾಗಿ

ಇಂಥ ಹಿನ್ನೆಲೆಯವರು ಸಂಶೋಧನೆಯಲ್ಲೇ ಮುಳುಗುವುದು ಸಹಜ. ಆದರೆ 1953ರಲ್ಲಿ ಡಾರ್ಟ್‌ಮತ್ ಕಾಲೇಜು ಸೇರಿದ ಕೆಮೆನಿ ಆರಿಸಿಕೊಂಡದ್ದು ಪದವಿ ತರಗತಿಯ ಬೋಧನೆಯನ್ನು. ಮೂವತ್ತು ತುಂಬುವ ಮುನ್ನವೇ ಅವರು ಗಣಿತ ವಿಭಾಗದ ಮುಖ್ಯಸ್ಥರಾದರು. ಕಲನಶಾಸ್ತ್ರವೆಂಬ ಒಂದೇ ಬಾಗಿಲಿನಿಂದ ಎಲ್ಲರನ್ನೂ ಒಳಬಿಡುವ ಪದ್ಧತಿ ಅವರಿಗೆ ಒಪ್ಪಿಗೆಯಿರಲಿಲ್ಲ. ಸಮಾಜವಿಜ್ಞಾನ ಮತ್ತು ಜೀವವಿಜ್ಞಾನದ ವಿದ್ಯಾರ್ಥಿಗಳಿಗೂ ಬೇಕಾಗುವ ತರ್ಕ, ಸಂಭವನೀಯತೆ, ಮ್ಯಾಟ್ರಿಕ್ಸ್‌ಗಳನ್ನು ಒಳಗೊಂಡ ಪಠ್ಯಪುಸ್ತಕವನ್ನು ಇಬ್ಬರು ಸಹೋದ್ಯೋಗಿಗಳೊಂದಿಗೆ ರಚಿಸಿ 1957ರಲ್ಲಿ ಪ್ರಕಟಿಸಿದರು. ಗಣಕದ ವಿಷಯದಲ್ಲಿ ಮುಂದೆ ಅವರು ಕೈಗೊಂಡ ಕಾರ್ಯದ ಬೀಜ ಈ ಪುಸ್ತಕದಲ್ಲಿಯೇ ಇತ್ತು.

1956ರಲ್ಲಿ ಥಾಮಸ್ ಕರ್ಟ್ಜ್ ಎಂಬ ಯುವ ಸಂಖ್ಯಾಶಾಸ್ತ್ರಜ್ಞ ಅದೇ ವಿಭಾಗಕ್ಕೆ ಬಂದರು. ಆಗ ಡಾರ್ಟ್‌ಮತ್‌ನಲ್ಲಿ ಗಣಕವಿರಲಿಲ್ಲ. ಕರ್ಟ್ಜ್ ಕಾರ್ಡುಗಳ ಪೆಟ್ಟಿಗೆ ಹೊತ್ತು ರೈಲಿನಲ್ಲಿ ಎಂಐಟಿಗೆ ಪ್ರಯಾಣಿಸಿ, ಅಲ್ಲಿನ ಯಂತ್ರದಲ್ಲಿ ಲೆಕ್ಕ ಮಾಡಿಸಿಕೊಂಡು ಬರಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಮುಂದಿನ ಪ್ರಯಾಣದವರೆಗೆ ಕಾಯಬೇಕು. ಪರಿಣತ ಸಂಶೋಧಕನಿಗೇ ಈ ಪಾಡಾದರೆ ಸಾಹಿತ್ಯದ ವಿದ್ಯಾರ್ಥಿ ಗಣಕದ ಹತ್ತಿರ ಸುಳಿಯುವುದುಂಟೆ?

1959ರಲ್ಲಿ ಎಲ್‌ಜಿಪಿ-30 ಎಂಬ ಸಣ್ಣ ಗಣಕ ಕಾಲೇಜಿಗೆ ಬಂತು. ಅದಕ್ಕಾಗಿ ಪದವಿ ವಿದ್ಯಾರ್ಥಿಗಳೇ ಆಲ್ಗಾಲ್ ಭಾಷೆಯ ಕಂಪೈಲರ್ ಬರೆದುಬಿಟ್ಟರು. ಅದು ತಜ್ಞರ ಕೆಲಸವೆಂದು ಲೋಕ ಭಾವಿಸಿದ್ದ ಕಾಲವದು. ತಮ್ಮ ಹುಡುಗರ ಸಾಮರ್ಥ್ಯದ ಬಗ್ಗೆ ಕೆಮೆನಿಗೆ ಮತ್ತೆ ಸಂಶಯ ಉಳಿಯಲಿಲ್ಲ.

ನಸುಕಿನ ನಾಲ್ಕು ಗಂಟೆ

ಮುಂದಿದ್ದ ತೊಡಕುಗಳು ಎರಡು. ಮೊದಲನೆಯದು ಕಾಯುವಿಕೆ. ಇದಕ್ಕೆ ಪರಿಹಾರ ಸೂಚಿಸಿದವರು ಹಿಂದೆ ಡಾರ್ಟ್‌ಮತ್‌ನಲ್ಲಿದ್ದು ಎಂಐಟಿಗೆ ತೆರಳಿದ್ದ ಜಾನ್ ಮೆಕಾರ್ಥಿ. ಒಂದೇ ಯಂತ್ರದ ಸಮಯವನ್ನು ಕ್ಷಣಗಳ ತುಣುಕುಗಳಾಗಿ ಹಲವರಿಗೆ ಸರದಿಯಂತೆ ಹಂಚಿದರೆ ಪ್ರತಿಯೊಬ್ಬನಿಗೂ ಯಂತ್ರ ತನ್ನದೇ ಎನಿಸುತ್ತದೆ. ಇದೇ ಟೈಮ್ ಶೇರಿಂಗ್. ಎರಡನೆಯ ತೊಡಕು ಭಾಷೆಯದು. ಆಗಿನ ಫೋರ್ಟ್ರಾನ್, ಆಲ್ಗಾಲ್‌ಗಳು ವಿಜ್ಞಾನಿಗಳಿಗಾಗಿ ರೂಪುಗೊಂಡವು. ಡಾರ್ಟ್‌ಮತ್‌ನಲ್ಲಾದರೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದುವವರು ಸುಮಾರು ಕಾಲುಭಾಗ ಮಾತ್ರ. ನಾಳೆ ಸರಕಾರದಲ್ಲಿ, ಉದ್ಯಮದಲ್ಲಿ ಗಣಕದ ಬಳಕೆ ಕುರಿತು ತೀರ್ಮಾನ ಕೈಗೊಳ್ಳುವವರು ಉಳಿದ ಮುಕ್ಕಾಲು ಭಾಗದವರೇ. ಅವರಿಗೆ ಅದರ ಶಕ್ತಿಯೂ ಮಿತಿಯೂ ತಿಳಿಯದಿದ್ದರೆ ಹೇಗೆ ಎಂಬುದು ಇಬ್ಬರ ಚಿಂತೆಯಾಗಿತ್ತು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ 1964ರ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗಣಕಗಳು ಬಂದವು. ಟೈಮ್ ಶೇರಿಂಗ್ ವ್ಯವಸ್ಥೆಯ ಬಹುಭಾಗವನ್ನು ಬರೆದವರು ಪದವಿ ವಿದ್ಯಾರ್ಥಿಗಳು. ಬೇಸಿಕ್‌ನ ಮೊದಲ ಕಂಪೈಲರ್ ಕೆಮೆನಿಯವರದು. 1964ರ ಮೇ 1ರ ನಸುಕಿನ ನಾಲ್ಕು ಗಂಟೆಗೆ ಎರಡು ಬೇಸಿಕ್ ಪ್ರೋಗ್ರಾಂಗಳು ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಓಡಿ ಸರಿಯುತ್ತರ ನೀಡಿದವು.

ಭಾಷೆಯ ಆದೇಶಗಳು ಬೆರಳೆಣಿಕೆಯವು: ಲೆಟ್, ಪ್ರಿಂಟ್, ಇಫ್, ಗೋಟು. ವ್ಯವಸ್ಥೆಯೊಳಗೆ ಬರಲು ಹಲೋ, ಹೊರಡಲು ಗುಡ್‌ಬೈ. ಮೊದಲ ವರ್ಷದ ಗಣಿತ ತರಗತಿಯಲ್ಲೇ ಒಂದೆರಡು ಉಪನ್ಯಾಸಗಳಲ್ಲಿ ಬೇಸಿಕ್ ಪರಿಚಯವಾಗುತ್ತಿತ್ತು. ಬಳಿಕ ವಿದ್ಯಾರ್ಥಿಗಳು ಟೆಲಿಟೈಪ್ ಮುಂದೆ ಕುಳಿತು ತಾವೇ ಪ್ರೋಗ್ರಾಂ ಬರೆಯಬೇಕು. ತಪ್ಪಾದರೆ ಯಂತ್ರ ಕೂಡಲೇ ತಿಳಿಸುತ್ತದೆ; ತಿದ್ದಿ ಮತ್ತೆ ಓಡಿಸಬೇಕು. ಸಮಸ್ಯೆಯನ್ನು ಹೆಜ್ಜೆಗಳಾಗಿ ಒಡೆಯುವುದು, ಹೆಜ್ಜೆಗಳಿಗೆ ಕ್ರಮ ಕೊಡುವುದು, ತನ್ನ ತಪ್ಪನ್ನು ತಾನೇ ಹುಡುಕುವುದು: ಕೆಮೆನಿಯ ದೃಷ್ಟಿಯಲ್ಲಿ ನಿಜವಾದ ಪಾಠ ಇದು.

ಗ್ರಂಥಾಲಯದಂತೆ ಗಣಕ

ಗಣಕದ ಬಳಕೆಗೆ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯಬಾರದು, ಕಾರಣ ಕೇಳಬಾರದು ಎಂಬುದು ಕೆಮೆನಿಯ ಹಟ. ಗ್ರಂಥಾಲಯದ ಕಪಾಟಿನಿಂದ ಪುಸ್ತಕ ತೆಗೆಯಲು ಯಾರ ಅಪ್ಪಣೆಯೂ ಬೇಡ. ಗಣಕವೂ ಹಾಗೆಯೇ ಇರಬೇಕು. 1966ರಲ್ಲಿ ಆರಂಭವಾದ ಕೀವಿಟ್ ಗಣಕ ಕೇಂದ್ರ ಈ ತತ್ತ್ವದ ಮೇಲೆ ನಡೆಯಿತು. ಆಟಗಳಿಗೂ ಅಡ್ಡಿಯಿರಲಿಲ್ಲ, ಯಂತ್ರದ ಭಯ ಅದರಿಂದ ಹೋಗುತ್ತದೆಂಬ ನಂಬಿಕೆ. ಸಮಾಜವಿಜ್ಞಾನದ ವಿದ್ಯಾರ್ಥಿಗಳು ಸಮೀಕ್ಷೆಗಳ ಅಂಕಿಅಂಶಗಳನ್ನು ತಾವೇ ವಿಶ್ಲೇಷಿಸಲು ಇಂಪ್ರೆಸ್ ಎಂಬ ವ್ಯವಸ್ಥೆ ಸಿದ್ಧವಾಯಿತು. ದೂರವಾಣಿ ತಂತಿಯ ಮೂಲಕ ಸುತ್ತಲಿನ ಶಾಲೆ, ಕಾಲೇಜುಗಳೂ ಜೋಡಣೆಗೊಂಡವು.

1970ರಲ್ಲಿ ಕೆಮೆನಿ ಕಾಲೇಜಿನ ಅಧ್ಯಕ್ಷರಾದರು; ಪಾಠ ಮಾಡುವುದನ್ನು ಮಾತ್ರ ಬಿಡಲಿಲ್ಲ. ಎರಡು ಶತಮಾನಗಳಿಂದ ಪುರುಷರಿಗಷ್ಟೇ ಮೀಸಲಾಗಿದ್ದ ಸಂಸ್ಥೆ 1972ರಲ್ಲಿ ಮಹಿಳೆಯರಿಗೆ ತೆರೆಯಿತು. ಮೂಲನಿವಾಸಿ ಯುವಕರ ಶಿಕ್ಷಣಕ್ಕೆಂದು 1769ರಲ್ಲಿ ಸ್ಥಾಪನೆಯಾಗಿಯೂ ಆ ಉದ್ದೇಶವನ್ನು ಮರೆತಿದ್ದ ಕಾಲೇಜು, ಅವರ ಅವಧಿಯಲ್ಲಿ ಆ ಸಮುದಾಯದ ವಿದ್ಯಾರ್ಥಿಗಳನ್ನು ಮತ್ತೆ ಕರೆತಂದಿತು. ಗಣಕ ಕೊಠಡಿಯ ಬಾಗಿಲು ತೆರೆದವರು ಕಾಲೇಜಿನ ಬಾಗಿಲನ್ನೂ ತೆರೆದರು.

ಬೇಸಿಕ್‌ಗೆ ಟೀಕೆ ತಪ್ಪಲಿಲ್ಲ. ಅದರಲ್ಲಿ ಪಳಗಿದವರಿಗೆ ಶಿಸ್ತಿನ ಪ್ರೋಗ್ರಾಮಿಂಗ್ ಕಲಿಸುವುದು ಅಸಾಧ್ಯಪ್ರಾಯವೆಂದು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಕಟುವಾಗಿ ಬರೆದರು. ಟೀಕೆಯಲ್ಲಿ ಹುರುಳಿತ್ತು. ಸಣ್ಣ ಗಣಕಗಳಲ್ಲಿ ಹರಡಿದ ಬೇಸಿಕ್‌ನ ಮೊಟಕುಗೊಂಡ ರೂಪಗಳಲ್ಲಿ ಎಲ್ಲೆಂದರಲ್ಲಿ ಜಿಗಿಯುವ ಗೋಟು ಆದೇಶದ ಹಾವಳಿ ಹೆಚ್ಚಿತ್ತು. ಆ ರೂಪಗಳ ಬಗ್ಗೆ ಕೆಮೆನಿ, ಕರ್ಟ್ಜ್ ಅವರಿಗೂ ಅಸಮಾಧಾನವಿತ್ತು. 1983ರಲ್ಲಿ ಅವರು ಟ್ರೂ ಬೇಸಿಕ್ ಎಂಬ ಸುಧಾರಿತ ಆವೃತ್ತಿಗಾಗಿ ಕಂಪನಿ ಸ್ಥಾಪಿಸಿದರು. ಆ ವೇಳೆಗೆ ಭಾಷೆ ಜಗತ್ತನ್ನು ಸುತ್ತಿತ್ತು. 1984ರಲ್ಲಿ ಭಾರತ ಸರಕಾರ ಆರಂಭಿಸಿದ ಶಾಲಾ ಗಣಕ ಸಾಕ್ಷರತೆ ಯೋಜನೆಯ ಬಿಬಿಸಿ ಮೈಕ್ರೊ ಯಂತ್ರಗಳಲ್ಲಿಯೂ ಇದ್ದದ್ದು ಬೇಸಿಕ್ಕೇ.

ನೂರು ಗಂಟೆಗಳ ನಡುವೆ

ಎಲ್ಲರಿಗೂ ಯಂತ್ರದ ತಿಳಿವಳಿಕೆ ಏಕೆ ಬೇಕೆಂಬುದಕ್ಕೆ ಕಠೋರ ಸಾಕ್ಷ್ಯ 1979ರಲ್ಲಿ ದೊರೆಯಿತು. ಮಾರ್ಚ್ 28ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತ ಸಂಭವಿಸಿತು. ತನಿಖಾ ಆಯೋಗದ ಅಧ್ಯಕ್ಷತೆಗೆ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ಆರಿಸಿದ್ದು ಕೆಮೆನಿಯವರನ್ನು. ತೆರೆದುಕೊಂಡ ಕವಾಟವೊಂದು ಮತ್ತೆ ಮುಚ್ಚಿರಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಮುಚ್ಚಿದೆಯೆಂಬ ಭಾವನೆ ಹುಟ್ಟಿಸಿತ್ತು. ಮುಚ್ಚಲು ಆದೇಶ ಹೋಗಿದೆ ಎಂಬುದಷ್ಟೇ ಆ ದೀಪದ ಅರ್ಥ. ಮೊದಲ ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಮೊಳಗಿದವು. ಮುಖ್ಯವಾದುದು ಯಾವುದೆಂದು ಸಿಬ್ಬಂದಿಗೆ ತಿಳಿಯಲಿಲ್ಲ. ತುರ್ತು ತಂಪುನೀರಿನ ಹರಿವನ್ನು ಅವರೇ ತಗ್ಗಿಸಿದರು. ಮೂಲ ದೋಷ ಉಪಕರಣಗಳಿಗಿಂತ ಹೆಚ್ಚಾಗಿ ತರಬೇತಿ, ಸಂಘಟನೆ ಮತ್ತು ಮನೋಧರ್ಮದಲ್ಲಿದೆ ಎಂದು ಆಯೋಗ ಅದೇ ಅಕ್ಟೋಬರ್‌ನಲ್ಲಿ ವರದಿ ನೀಡಿತು. ಗುಂಡಿ ಒತ್ತಲು ಬಲ್ಲವರಿಗೆ ಯಂತ್ರದ ಉತ್ತರವನ್ನು ಪ್ರಶ್ನಿಸಲು ಬಾರದಿದ್ದರೆ ಏನಾದೀತೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

1981ರಲ್ಲಿ ಅಧ್ಯಕ್ಷ ಪದವಿ ತೊರೆದ ಕೆಮೆನಿ ಮತ್ತೆ ಪೂರ್ಣಾವಧಿ ಅಧ್ಯಾಪಕರಾದರು. 1992ರ ಡಿಸೆಂಬರ್ 26ರಂದು, 66ರ ವಯಸ್ಸಿನಲ್ಲಿ ನಿಧನರಾದರು. ಅವರ ಜತೆಗಾರ ಕರ್ಟ್ಜ್ 2024ರ ನವೆಂಬರ್‌ವರೆಗೂ ಬದುಕಿದ್ದರು.

2006ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೆನೆಟ್ ವಿಂಗ್ ತಮ್ಮ ಲೇಖನದಲ್ಲಿ ಗಣಕ ಚಿಂತನೆ ಓದು, ಬರಹ, ಲೆಕ್ಕದಂತೆ ಎಲ್ಲರಿಗೂ ಬೇಕಾದ ಮೂಲ ಕೌಶಲವೆಂದು ವಾದಿಸಿದ ನಂತರ ಈ ಚರ್ಚೆಗೆ ಜಗತ್ತಿನೆಲ್ಲೆಡೆ ಹೊಸ ಜೀವ ಬಂತು. ಇಂದು ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಯಂತ್ರಗಳೇ ಬಂದಿವೆ. ಹಾಗೆಂದು ಕೆಮೆನಿಯ ಪಾಠ ಹಳತಾಗಿಲ್ಲ. ಯಂತ್ರ ಕೊಟ್ಟ ಉತ್ತರ ಸರಿಯೇ ಎಂದು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸುವ ಅಭ್ಯಾಸವನ್ನು ಅವರು ಕಲಾ ವಿಭಾಗದ ಮಕ್ಕಳಿಗೂ ಕಲಿಸಲು ಹೊರಟಿದ್ದರು. ಕಾಲೇಜುಗಳು ಗಣಕ ಕೊಠಡಿ ಕಟ್ಟಿಸಿ ಅದಕ್ಕೆ ಬೀಗ ಹಾಕಿಟ್ಟರೆ ಆ ಅಭ್ಯಾಸ ಬೆಳೆಯದು.