ಮುಹಮ್ಮದ್ ಅಬ್ದುರ್ರಹ್ಮಾನ್ ಸಾಹಿಬ್: ಪತ್ರಿಕೆ, ಜೈಲು, ಶಾಸನಸಭೆ

ಇವತ್ತು ಕಾಸರಗೋಡು ಕೇರಳದಲ್ಲಿದೆ, ಮಂಗಳೂರು ಕರ್ನಾಟಕದಲ್ಲಿದೆ. ಆದರೆ 1956ರ ತನಕ ಹೀಗಿರಲಿಲ್ಲ. ಕಾಸರಗೋಡು ಸೇರಿದ್ದ ದಕ್ಷಿಣ ಕೆನರಾ ಜಿಲ್ಲೆಯೂ ಅದರ ಪಕ್ಕದ ಮಲಬಾರ್ ಜಿಲ್ಲೆಯೂ ಮದ್ರಾಸಿನ ಆಡಳಿತದಲ್ಲೇ ಇದ್ದವು. ಬ್ಯಾರಿಗಳ ಕಾನೂನು ಆಗುತ್ತಿದ್ದದ್ದೂ ಮಾಪಿಳ್ಳೆಯರ ಕಾನೂನು ಆಗುತ್ತಿದ್ದದ್ದೂ ಒಂದೇ ಶಾಸನಸಭೆಯಲ್ಲಿ. ಆ ಸಭೆಗೆ 1937ರಲ್ಲಿ ಮಲಪ್ಪುರಂನಿಂದ ಆರಿಸಿ ಹೋದವರು ಮುಹಮ್ಮದ್ ಅಬ್ದುರ್ರಹ್ಮಾನ್ ಸಾಹಿಬ್. ಕೇರಳದಲ್ಲಿ ಅವರ ಹೆಸರು ಕೇಳದವರು ಕಡಿಮೆ. ನಮ್ಮ ಕಡೆಯ ಯುವಕರಿಗೆ ಮಾತ್ರ ಅವರ ಪರಿಚಯ ಅಷ್ಟಕ್ಕಷ್ಟೇ.

ಅವರು ಹುಟ್ಟಿದ್ದು 1898ರಲ್ಲಿ, ಕೊಡುಂಗಲ್ಲೂರಿನ ಬಳಿಯ ಅಳಿಕ್ಕೋಡ್‌ನಲ್ಲಿ. ಆಗ ಅದು ಕೊಚ್ಚಿ ಸಂಸ್ಥಾನ. ವಾಣಿಯಂಬಾಡಿ ಮತ್ತು ಕಲ್ಲಿಕೋಟೆಯಲ್ಲಿ ಶಾಲೆ, ಮುಂದೆ ಮದ್ರಾಸಿನಲ್ಲಿ ಕಾಲೇಜು, ಅಲ್ಲಿಂದ ಅಲಿಘರ್. ಅಲಿಘರ್‌ನಲ್ಲಿರುವಾಗಲೇ ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕರೆ ಬಂತು. ಓದು ಮುಗಿಸಿದ್ದರೆ ಸರಕಾರಿ ಹುದ್ದೆಯೋ ವಕೀಲಿಕೆಯೋ ಕಷ್ಟವಾಗುತ್ತಿರಲಿಲ್ಲ. ಅವರು ಓದನ್ನು ಅರ್ಧಕ್ಕೆ ಬಿಟ್ಟು ಮಲಬಾರಿಗೆ ವಾಪಸಾದರು.

ಬಂದದ್ದು ಎಂಥ ಹೊತ್ತಿಗೆ ಅಂದ್ರೆ, 1921ರ ಆಗಸ್ಟ್‌ನಲ್ಲಿ ಏರನಾಡು, ವಳ್ಳುವನಾಡು ತಾಲೂಕುಗಳಲ್ಲಿ ಮಾಪಿಳ್ಳೆ ಬಂಡಾಯ ಹೊತ್ತಿಕೊಂಡಿತು. ಗಲಭೆ ನಡೆದ ಊರುಗಳಲ್ಲಿ ಜನರನ್ನು ಸಮಾಧಾನಪಡಿಸಿ ಶಾಂತಿ ತರಲು ಅಬ್ದುರ್ರಹ್ಮಾನ್ ಸಾಹಿಬ್ ಓಡಾಡಿದರು. ಸರಕಾರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಟೋಬರ್‌ನಲ್ಲಿ ಬಂಧಿಸಿ ಎರಡು ವರ್ಷದ ಸಜೆ ವಿಧಿಸಿತು. ಆಗ ಅವರ ಪ್ರಾಯ ಬರೇ ಇಪ್ಪತ್ತಮೂರು.

ಪತ್ರಿಕೆ ಬೇಕಾದದ್ದು ಯಾಕೆ?

ಜೈಲಿನಿಂದ ಹೊರಬಂದಾಗ ಕಂಡ ಮಲಬಾರ್ ಬೇರೆಯೇ ಆಗಿತ್ತು. ಸಾವಿರಾರು ಮನೆಗಳಲ್ಲಿ ದುಡಿಯುವ ಗಂಡಸರಿಲ್ಲ. ಸತ್ತವರು ಸತ್ತರು, ಉಳಿದವರು ಜೈಲಿನಲ್ಲಿ ಅಥವಾ ಅಂಡಮಾನಿನಲ್ಲಿ. ಯತೀಂ ಮಕ್ಕಳಿಗಾಗಿ ಪಂಜಾಬಿನ ಮೌಲಾನಾ ಅಬ್ದುಲ್ ಖಾದಿರ್ ಕಸೂರಿಯವರು 1922ರಲ್ಲಿ ಕಲ್ಲಿಕೋಟೆಗೆ ಬಂದು ಯತೀಂಖಾನೆ ತೆರೆಯಬೇಕಾಯಿತು. ಮಾಪಿಳ್ಳೆ ಎಂದರೆ ದಂಗೆಕೋರ ಎಂಬ ಮಾತು ಸರಕಾರಿ ಕಡತಗಳಿಂದ ಹಿಡಿದು ಪೇಟೆಯ ತನಕ ಹಬ್ಬಿತ್ತು. ಇದಕ್ಕೆ ಉತ್ತರ ಹೇಳಲು ಸಮುದಾಯದ ಕೈಯಲ್ಲಿ ಗಟ್ಟಿಯಾದ ಒಂದು ಪತ್ರಿಕೆ ಇರಲಿಲ್ಲ.

1923ರಲ್ಲಿ ಕಲ್ಲಿಕೋಟೆಯಿಂದ ಮಾತೃಭೂಮಿ ಹೊರಟಿತ್ತು. ಅದರ ಮರುವರ್ಷ, 1924ರ ಅಕ್ಟೋಬರ್‌ನಲ್ಲಿ, ಅದೇ ಊರಿನಿಂದ ಅಬ್ದುರ್ರಹ್ಮಾನ್ ಸಾಹಿಬ್ ಅಲ್ ಅಮೀನ್ ಶುರುಮಾಡಿದರು. ಪ್ರವಾದಿಯವರನ್ನು ಮಕ್ಕಾದ ಜನ ಕರೆಯುತ್ತಿದ್ದ ಹೆಸರು ಅದು, ನಂಬಿಗಸ್ತ ಎಂದರ್ಥ. ಇ. ಮೊಯ್ದು ಮೌಲವಿಯವರಂಥ ಗೆಳೆಯರು ಜೊತೆಗೆ ನಿಂತರು.

ಪತ್ರಿಕೆಗೆ ಎರಡು ಕೆಲಸವಿತ್ತು. ಒಂದು, ಬ್ರಿಟಿಷ್ ಸರಕಾರಕ್ಕೆ ಸಮುದಾಯದ ನೋವನ್ನು ಹೇಳುವುದು. ಇನ್ನೊಂದು, ಸಮುದಾಯಕ್ಕೆ ಅದರ ಕೊರತೆಯನ್ನು ಹೇಳುವುದು. ಮೊದಲನೆಯದಕ್ಕೆ ದೊಡ್ಡ ಉದಾಹರಣೆ ಅಂಡಮಾನ್ ಯೋಜನೆ. ಬಂಡಾಯದ ಕೈದಿಗಳ ಹೆಂಡತಿ ಮಕ್ಕಳನ್ನೂ ಅಂಡಮಾನಿಗೆ ಸಾಗಿಸಿ ಅಲ್ಲೇ ನೆಲೆಗೊಳಿಸುವುದು ಸರಕಾರದ ಲೆಕ್ಕಾಚಾರ. ಸಂಸಾರ ಒಟ್ಟುಗೂಡುತ್ತದೆ ಎಂದು ಹೊರಗೆ ಕಾಣುತ್ತಿತ್ತು. ಆದರೆ ಇದು ಒಂದು ಜನವನ್ನು ಊರಿನಿಂದ ಬೇರು ಸಹಿತ ಕೀಳುವ ಉಪಾಯ ಎಂದು ಸಾಹಿಬ್ ಕಂಡರು. ಅದರ ವಿರುದ್ಧ ಅವರು ಪಟ್ಟುಬಿಡದೆ ಹೋರಾಡಿದರು.

ಎರಡನೆಯ ಕೆಲಸ ಇನ್ನೂ ಕಷ್ಟದ್ದು. ಆಧುನಿಕ ವಿದ್ಯೆ ಬೇಕು, ಮೂಢ ಆಚಾರ ಬಿಡಬೇಕು ಎಂದು ಸ್ವಂತ ಜನರಿಗೇ ಹೇಳುವ ಪತ್ರಿಕೆಯನ್ನು ಎಲ್ಲರೂ ಇಷ್ಟಪಡುವುದಿಲ್ಲ. ಸರಕಾರವನ್ನು ಎದುರು ಹಾಕಿಕೊಂಡ ಪತ್ರಿಕೆಗೆ ದುಡ್ಡಿದ್ದವರು ಕೈ ನೀಡುವುದೂ ಅಪರೂಪ. ಮೇಲಿಂದ 1931ರ ಪ್ರೆಸ್ ಕಾಯ್ದೆ ಬಂತು. ಅದರ ಪ್ರಕಾರ ಸರಕಾರ ಯಾವ ಪತ್ರಿಕೆಯಿಂದಲೂ ಠೇವಣಿ ಕೇಳಬಹುದು, ಬರೆದದ್ದು ಹಿಡಿಸದಿದ್ದರೆ ಆ ಠೇವಣಿಯನ್ನು ಮುಟ್ಟುಗೋಲು ಹಾಕಬಹುದು. ಪತ್ರಿಕೆಯ ಮಾಲಕ ಎಂದರೆ ಇವತ್ತು ನಮ್ಮ ಕಣ್ಣಿಗೆ ದೊಡ್ಡ ಕುಳ ಕಾಣುತ್ತದೆ. ಆಗಿನ ರಾಷ್ಟ್ರೀಯವಾದಿ ಪತ್ರಿಕೆಯ ಮಾಲಕ ಎಂದರೆ ಸಾಲ, ಮೊಕದ್ದಮೆ, ಜೈಲು.

ಜೈಲಂತೂ ಮತ್ತೆ ಬಂತು. 1930ರಲ್ಲಿ ಕಲ್ಲಿಕೋಟೆಯ ಕಡಲ ತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಸಾಹಿಬ್ ಮುಂದಿನ ಸಾಲಿನಲ್ಲಿದ್ದರು. ಒಂಬತ್ತು ತಿಂಗಳ ಶಿಕ್ಷೆಯಾಗಿ ಕಣ್ಣೂರು ಸೆಂಟ್ರಲ್ ಜೈಲು ಸೇರಿದರು. ಮುಂದೆ ದೊಡ್ಡ ಸಾಹಿತಿಯಾದ ವೈಕಂ ಮುಹಮ್ಮದ್ ಬಷೀರ್ ಕೂಡ ಹುಡುಗನಾಗಿ ಇದೇ ಸತ್ಯಾಗ್ರಹಕ್ಕೆ ಮನೆ ಬಿಟ್ಟು ಬಂದು ಕಣ್ಣೂರು ಜೈಲು ಕಂಡವರು.

ಸೋಲು, ಆಮೇಲೆ ಗೆಲುವು

1931ರಿಂದ 1934ರ ತನಕ ಸಾಹಿಬ್ ಕಲ್ಲಿಕೋಟೆ ಮುನಿಸಿಪಲ್ ಕೌನ್ಸಿಲ್ ಸದಸ್ಯರಾಗಿದ್ದರು. ಮಲಬಾರ್ ಡಿಸ್ಟ್ರಿಕ್ಟ್ ಬೋರ್ಡಿನಲ್ಲೂ ಇದ್ದರು. 1934ರಲ್ಲಿ ದಿಲ್ಲಿಯ ಕೇಂದ್ರ ಶಾಸನಸಭೆಗೆ ಪಶ್ಚಿಮ ಕರಾವಳಿ ಮತ್ತು ನೀಲಗಿರಿ ಮುಸ್ಲಿಂ ಕ್ಷೇತ್ರದಿಂದ ಸ್ಪರ್ಧಿಸಿದರು. ಆಗಿನದ್ದು ಪ್ರತ್ಯೇಕ ಮತಕ್ಷೇತ್ರ, ಮುಸ್ಲಿಂ ಸೀಟಿಗೆ ಮುಸ್ಲಿಮರದ್ದೇ ಓಟು. ಅದೂ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. ಸಾಹಿಬ್ ಯಾರಿಗಾಗಿ ಬರೆಯುತ್ತಿದ್ದರೋ ಆ ಗೇಣಿದಾರ, ಕೂಲಿಕಾರರಲ್ಲಿ ಹೆಚ್ಚಿನವರಿಗೆ ಓಟೇ ಇರಲಿಲ್ಲ. ತಲಶ್ಶೇರಿಯ ಹಾಜಿ ಅಬ್ದುಲ್ ಸತ್ತಾರ್ ಸೇಟ್ ಎದುರು ಅವರು ಸೋತರು. ಅದೇ ವರ್ಷ ತಲಶ್ಶೇರಿಯಿಂದ ಚಂದ್ರಿಕಾ ಪತ್ರಿಕೆಯೂ ಶುರುವಾಯಿತು. ಮುಂದೆ ಅದು ಮುಸ್ಲಿಂ ಲೀಗಿನ ದನಿಯಾಯಿತು.

ಸೋತ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1937ರಲ್ಲಿ ಮಲಪ್ಪುರಂನಿಂದ ಗೆದ್ದು ಮದ್ರಾಸ್ ಶಾಸನಸಭೆಗೆ ಹೋದರು. ಬಂಡಾಯದಲ್ಲಿ ಬೆಂದ ಏರನಾಡಿನ ನಡುಮಧ್ಯದ ಕ್ಷೇತ್ರ ಅದು. ಅಧಿಕಾರಕ್ಕೆ ಬಂದದ್ದು ರಾಜಾಜಿಯವರ ಕಾಂಗ್ರೆಸ್ ಸರಕಾರ, ಅಂದರೆ ಸ್ವಂತ ಪಕ್ಷದ್ದೇ.

ಮಲಬಾರಿನ ಬಡತನದ ಬೇರು ಜಮೀನಿನಲ್ಲಿತ್ತು. ಜನ್ಮಿಯ ಕೆಳಗೆ ಕಾಣಂದಾರ, ಅವನ ಕೆಳಗೆ ಉಳುವವ. ಗೇಣಿ ತಪ್ಪಿದರೆ ಒಕ್ಕಲೆಬ್ಬಿಸುವುದು. ಈ ಗೇಣಿ ಪದ್ಧತಿಯನ್ನು ಪರಿಶೀಲಿಸಲು 1939ರಲ್ಲಿ ಸರಕಾರ ಕುಟ್ಟಿಕೃಷ್ಣ ಮೆನನ್ ಅಧ್ಯಕ್ಷತೆಯ ಸಮಿತಿ ರಚಿಸಿತು. ಅದರಲ್ಲಿ ಅಬ್ದುರ್ರಹ್ಮಾನ್ ಸಾಹಿಬ್ ಸದಸ್ಯರು. ಇ.ಎಂ.ಎಸ್. ನಂಬೂದಿರಿಪಾಡರೂ ಸದಸ್ಯರು. ಇವರಿಬ್ಬರ ಜೋಡಿ ಕಾಂಗ್ರೆಸ್ಸಿನಲ್ಲೂ ಕಂಡಿತು. ಎಡಪಂಥೀಯರ ಬೆಂಬಲದಿಂದ ಸಾಹಿಬ್ ಕೇರಳ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾದರು, ಇ.ಎಂ.ಎಸ್. ಕಾರ್ಯದರ್ಶಿ. ಒಬ್ಬರು ಐದು ಹೊತ್ತು ನಮಾಝಿನ ಮನುಷ್ಯ, ಇನ್ನೊಬ್ಬರು ಜನ್ಮಿ ಮನೆತನದಲ್ಲಿ ಹುಟ್ಟಿದ ಕಮ್ಯುನಿಸ್ಟ್.

ಕೊನೆಯ ಐದು ವರ್ಷ

1939ರಲ್ಲಿ ಸುಭಾಶ್ಚಂದ್ರ ಬೋಸ್ ಫಾರ್ವರ್ಡ್ ಬ್ಲಾಕ್ ಕಟ್ಟಿದಾಗ ಸಾಹಿಬ್ ಅವರ ಜೊತೆ ನಿಂತರು. ಅದೇ ವರ್ಷ ಮಹಾಯುದ್ಧ ಶುರುವಾಯಿತು, ಅದೇ ವರ್ಷ ಸರಕಾರ ಅಲ್ ಅಮೀನನ್ನು ಮುಚ್ಚಿಸಿತು. ಹದಿನೈದು ವರ್ಷ ಹೊತ್ತು ನಡೆಸಿದ ಪತ್ರಿಕೆ ಕೈತಪ್ಪಿತು. 1940ರ ಜುಲೈಯಲ್ಲಿ ಅವರನ್ನೂ ಒಳಗೆ ಹಾಕಿದರು. ಹೊರಗೆ ಬಂದದ್ದು 1945ರ ಸೆಪ್ಟೆಂಬರ್‌ನಲ್ಲಿ. ಮೂರು ಸಲದ ಜೈಲನ್ನು ಕೂಡಿಸಿದರೆ ಹತ್ತಿರ ಹತ್ತಿರ ಎಂಟು ವರ್ಷ.

ಈ ಐದು ವರ್ಷದಲ್ಲಿ ರಾಜಕೀಯದ ಗಾಳಿ ತಿರುಗಿತ್ತು. ಮಲಬಾರಿನ ಮುಸ್ಲಿಮರಲ್ಲಿ ಬಹಳಷ್ಟು ಮಂದಿ ಲೀಗಿನ ಜೊತೆಗಿದ್ದರು, ಪಾಕಿಸ್ತಾನದ ಬೇಡಿಕೆ ಜೋರಾಗಿತ್ತು. ದೇಶ ಎರಡಾಗುವುದನ್ನು ಸಾಹಿಬ್ ಒಪ್ಪಲಿಲ್ಲ. ಒಂದು ಕಾಲದಲ್ಲಿ ಅವರ ಮಾತಿಗೆ ಕಿವಿಗೊಟ್ಟ ಊರುಗಳಲ್ಲೇ ಈಗ ವಿರೋಧ ಎದುರಾಗುತ್ತಿತ್ತು. ಪತ್ರಿಕೆ ಇಲ್ಲ. ಪತ್ನಿ ಎಂದೋ ತೀರಿಹೋಗಿದ್ದರು, ಮತ್ತೆ ಮದುವೆಯಾಗಿರಲಿಲ್ಲ. ಉಳಿದದ್ದು ಸ್ವರ ಒಂದೇ. ಅದನ್ನೇ ಹಿಡಿದುಕೊಂಡು ಊರೂರು ತಿರುಗಿದರು.

1945ರ ನವೆಂಬರ್ 23ರಂದು ಕಲ್ಲಿಕೋಟೆ ಸಮೀಪದ ಕೊಡಿಯತ್ತೂರಿನಲ್ಲಿ ಸಭೆ ಇತ್ತು. ಭಾಷಣ ಮುಗಿಸಿ ಹಿಂದಿರುಗುವ ದಾರಿಯಲ್ಲಿ, ಪೊಟ್ಟಶ್ಶೇರಿಯಲ್ಲಿ, ಹಠಾತ್ತಾಗಿ ಕೊನೆಯುಸಿರೆಳೆದರು. ಜೈಲಿನಿಂದ ಬಂದು ಮೂರು ತಿಂಗಳೂ ಆಗಿರಲಿಲ್ಲ. ಪ್ರಾಯ ನಲ್ವತ್ತೇಳು. ಕಲ್ಲಿಕೋಟೆಯ ಕಣ್ಣಂಪರಂಬಿನಲ್ಲಿ ದಫನ ನಡೆಯಿತು. ಸ್ವಾತಂತ್ರ್ಯಕ್ಕೆ ಇನ್ನು ಎರಡು ವರ್ಷವೂ ಬಾಕಿ ಇರಲಿಲ್ಲ.

ಆಮೇಲೆ ಗೌರವಗಳು ಬಂದವು. 1998ರಲ್ಲಿ, ಜನ್ಮ ಶತಮಾನದ ವರ್ಷ, ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರಡಿಸಿತು. 2011ರಲ್ಲಿ ಅವರ ಬದುಕಿನ ಮೇಲೆ ವೀರಪುತ್ರನ್ ಎಂಬ ಸಿನಿಮಾ ಬಂತು. ಮುಕ್ಕಂನಲ್ಲಿ ಅವರ ಹೆಸರು ಹೊತ್ತ ಕಾಲೇಜು ಇದೆ.

ಓಟಿನ ಲೆಕ್ಕ ನೋಡಿದರೆ ಅಬ್ದುರ್ರಹ್ಮಾನ್ ಸಾಹಿಬ್ ಒಮ್ಮೆ ಸೋತು ಒಮ್ಮೆ ಗೆದ್ದ ರಾಜಕಾರಣಿ. ಹಣದ ಲೆಕ್ಕ ನೋಡಿದರೆ ಪತ್ರಿಕೆಯಿಂದ ಏನೂ ಕೂಡಿಡದ ಮಾಲಕ. ಆದರೆ ಸಮುದಾಯ ಮಾತು ಕಳೆದುಕೊಂಡು ಕುಳಿತಿದ್ದ ಹೊತ್ತಿನಲ್ಲಿ ಅದರ ಪರವಾಗಿ ಸರಕಾರದೆದುರು ಮಾತಾಡಿದವರು, ಸಮುದಾಯಕ್ಕೆ ಹಿಡಿಸದ ಮಾತನ್ನೂ ಅದರ ಮುಖಕ್ಕೇ ಹೇಳಿದವರು ಅವರು. ಎರಡನ್ನೂ ಮಾಡುವ ನಾಯಕರು ಆಗಲೂ ಕಡಿಮೆ, ಈಗಲೂ ಕಡಿಮೆ. ಮೊಬೈಲಿನಲ್ಲೇ ಸುದ್ದಿ ಬರೆದು ಹಂಚುವ ಇವತ್ತಿನ ಯುವಕರು ಆ ಪತ್ರಿಕೆಯ ಹೆಸರಿನ ಅರ್ಥವನ್ನಾದರೂ ನೆನಪಿಟ್ಟುಕೊಳ್ಳಲಿ.