ಸುಳಿಯ ನಡುವೆ ನಿಂತು ನೋಡಿದ ಮೇಷ್ಟ್ರು

ಮೂರು ದಶಕಗಳ ಕಾಲ ಪತ್ರಿಕೋದ್ಯಮ ಮತ್ತು ಸಂವಹನದ ಪಾಠ ಹೇಳಿ ನಿವೃತ್ತನಾದವನು ನಾನು. ಆ ಅವಧಿಯುದ್ದಕ್ಕೂ ಮಾರ್ಷಲ್ ಮೆಕ್ಲುಹಾನ್ ಎಂಬ ಹೆಸರು ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುತ್ತಿತ್ತು. ಜಾಗತಿಕ ಹಳ್ಳಿ ಎಂದರೇನು, ಆ ಪರಿಕಲ್ಪನೆ ಯಾರದು? ವಿದ್ಯಾರ್ಥಿಗಳು ನಾಲ್ಕು ಸಾಲು ಬರೆಯುತ್ತಿದ್ದರು, ನಾನು ಎರಡು ಅಂಕ ಕೊಡುತ್ತಿದ್ದೆ. ಆ ನಾಲ್ಕು ಸಾಲುಗಳ ಸಾರ ಪ್ರತಿವರ್ಷವೂ ಒಂದೇ. ಉಪಗ್ರಹ, ದೂರದರ್ಶನಗಳಿಂದ ಜಗತ್ತು ಚಿಕ್ಕದಾಗಿ, ಮನುಷ್ಯರು ಹತ್ತಿರವಾಗಿ, ಎಲ್ಲರೂ ಒಂದೇ ಊರಿನವರಂತೆ ಸುಖವಾಗಿ ಬಾಳುತ್ತಾರೆ ಎಂದು ಕೆನಡಾದ ಈ ಪಂಡಿತರು ಭವಿಷ್ಯ ನುಡಿದಿದ್ದರು ಎಂಬುದು. ಉತ್ತರ ತಪ್ಪಾಗಿತ್ತು. ಹಾಗೆ ಹೇಳಿಕೊಟ್ಟವನು ನಾನೇ.

ನನ್ನ ಕಣ್ಣು ತೆರೆಸಿದ್ದು 1987ರಲ್ಲಿ ಪ್ರಕಟವಾದ ಅವರ ಪತ್ರಗಳ ಸಂಪುಟ. ಅದು ನನ್ನ ಕೈಗೆ ಬಂದದ್ದು ಬಹಳ ತಡವಾಗಿ, ಸೇವಾವಧಿಯ ಕೊನೆಯ ವರ್ಷಗಳಲ್ಲಿ. ಟಿ.ವಿ. ಯುಗದ ತುತ್ತೂರಿಯೆಂದು ನಾನು ಬಣ್ಣಿಸಿದ್ದ ವ್ಯಕ್ತಿ ಆ ಪುಟಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಸಿಕ್ಕವರು ಹಳೆಯ ಇಂಗ್ಲಿಷ್ ಸಾಹಿತ್ಯದಲ್ಲಿ ಮುಳುಗಿದ್ದ, ದೈವಭಕ್ತರಾದ, ಅಭಿರುಚಿಯಲ್ಲಿ ಹಿಂದಿನ ಶತಮಾನಗಳಿಗೆ ಸೇರಿದ್ದ ಒಬ್ಬ ಮೇಷ್ಟ್ರು. 1976ರಲ್ಲಿ ಅವರು ತಮ್ಮ ಮಗನಿಗೆ ಕಾಗದ ಬರೆದು, ಪುಟ್ಟ ಮೊಮ್ಮಗಳನ್ನು ತಾಸುಗಟ್ಟಲೆ ಟಿ.ವಿ. ಮುಂದೆ ಕೂರಿಸಬೇಡವೆಂದು ಬೇಡಿಕೊಂಡಿದ್ದರು. ಎಳೆಯರ ನರಮಂಡಲಕ್ಕೆ ಅದು ಕೆಟ್ಟ ಮಾದಕವಸ್ತುವಿನಂತೆ ಇಳಿಯುತ್ತದೆಂಬುದು ಅವರ ಆತಂಕವಾಗಿತ್ತು. ಹಾಗಾದರೆ ನಾನು ಇಷ್ಟು ವರ್ಷ ಪಾಠ ಮಾಡಿದ್ದು ಯಾರ ಬಗ್ಗೆ?

ಮೆಕ್ಲುಹಾನ್ ಹುಟ್ಟಿದ್ದು 1911ರ ಜುಲೈ 21ರಂದು, ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಲ್ಲಿ. ತಂದೆ ಹರ್ಬರ್ಟ್ ಅವರದು ನಿವೇಶನಗಳ ವ್ಯಾಪಾರ. ಮೊದಲ ಮಹಾಯುದ್ಧದ ಹೊಡೆತಕ್ಕೆ ಅದು ಮುಳುಗಿತು. ಕುಟುಂಬ ವಿನಿಪೆಗ್‌ಗೆ ಬಂದಿತು, ತಂದೆ ವಿಮೆ ಮಾರತೊಡಗಿದರು. ತಾಯಿ ಎಲ್ಸಿ ಶಾಲೆಯಲ್ಲಿ ಕಲಿಸಿದ್ದವರು, ಮುಂದೆ ವೇದಿಕೆಯ ಮೇಲೆ ಏಕಾಂಗಿಯಾಗಿ ವಾಚನ, ಅಭಿನಯ ಮಾಡುತ್ತ ಊರೂರು ಸುತ್ತಿದವರು. ಮಾತಿಗೆ ಧ್ವನಿ ಕೊಡುವ ಬಲ, ಅದೇ ಮಾತನ್ನು ಕಾಗದದ ಮೇಲೆ ಓದಿದಾಗ ಉಳಿಯುವ ಸಪ್ಪೆತನ, ಇವೆರಡರ ಅಂತರವನ್ನು ಆ ಹುಡುಗ ಮನೆಯಲ್ಲೇ ಕಂಡಿರಬೇಕು ಎಂದು ನನ್ನ ಊಹೆ.

ಮ್ಯಾನಿಟೋಬಾ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲೆಂದು ಸೇರಿದ ಅವರು ಬೇಗನೆ ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾದರು. ಎಂ.ಎ. ಮುಗಿಸಿ 1934ರಲ್ಲಿ ಕೇಂಬ್ರಿಜ್‌ಗೆ ಹೋದಾಗ ಅಲ್ಲಿಯವರು ಆ ಪದವಿಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಪದವಿ ತರಗತಿಯಿಂದಲೇ ಆರಂಭಿಸುವಂತೆ ಮಾಡಿದರು. ಅಲ್ಲಿ ಐ.ಎ. ರಿಚರ್ಡ್ಸ್ ಮತ್ತು ಎಫ್.ಆರ್. ಲೀವಿಸ್ ಅವರಿಂದ ಕಲಿತ ಒಂದು ಪಾಠ ಜೀವನವಿಡೀ ಜೊತೆಗಿತ್ತು. ಕವಿತೆ ಏನು ಹೇಳುತ್ತದೆ ಎಂದು ಕೇಳುವುದಕ್ಕಿಂತ ಅದು ಓದುವವನ ಮೇಲೆ ಏನು ಮಾಡುತ್ತದೆ ಎಂದು ಕೇಳುವುದೇ ಆ ಪಾಠ. ಈ ಪ್ರಶ್ನೆಯನ್ನೇ ಅವರು ಜಾಹೀರಾತಿಗೆ, ದೂರವಾಣಿಗೆ, ಟಿ.ವಿ.ಗೆ ಕೇಳುತ್ತ ಹೋದರು.

1936ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ನಿಂತಾಗ ಅವರಿಗೆ ದಿಗಿಲಾಯಿತು. ತನಗಿಂತ ಕೆಲವೇ ವರ್ಷ ಚಿಕ್ಕವರಾದ ವಿದ್ಯಾರ್ಥಿಗಳ ಲೋಕ ತನಗೆ ಕಿಂಚಿತ್ತೂ ಅರ್ಥವಾಗುತ್ತಿಲ್ಲ! ಅವರು ನೋಡುವ ಸಿನಿಮಾ, ಓದುವ ಚಿತ್ರಕಥೆ, ಕೇಳುವ ರೇಡಿಯೊಗಳನ್ನು ಅರಿಯದೆ ಷೇಕ್ಸ್‌ಪಿಯರ್‌ನನ್ನು ಅವರಿಗೆ ಮುಟ್ಟಿಸುವುದು ಸಾಧ್ಯವಿಲ್ಲವೆಂದುಕೊಂಡು ಇವನ್ನೆಲ್ಲ ಅಭ್ಯಾಸ ಮಾಡತೊಡಗಿದರು. ಮಾಧ್ಯಮ ಅಧ್ಯಯನವೆಂದು ನಾವು ಇಂದು ಕರೆಯುವ ವಿದ್ಯಾಶಾಖೆಗೆ ಹೀಗೆ ಹಲವು ಬೇರುಗಳಿವೆ. ಅವುಗಳಲ್ಲಿ ಒಂದು, ತರಗತಿಯಲ್ಲಿ ಸೋತ ಯುವ ಅಧ್ಯಾಪಕರೊಬ್ಬರ ಈ ಕಳವಳ. 1937ರಲ್ಲಿ ಅವರು ಕ್ಯಾಥೊಲಿಕ್ ಮತಕ್ಕೆ ಸೇರಿದರು. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಏಳು ವರ್ಷ ಕಲಿಸಿದರು, 1939ರಲ್ಲಿ ಟೆಕ್ಸಸ್‌ನ ಕೊರಿನ್ ಲೂಯಿಸ್ ಅವರನ್ನು ಮದುವೆಯಾದರು, ಆರು ಮಕ್ಕಳ ತಂದೆಯಾದರು. ಹದಿನಾರನೆಯ ಶತಮಾನದ ಲೇಖಕ ಥಾಮಸ್ ನ್ಯಾಷ್ ಕುರಿತ ಪ್ರೌಢಪ್ರಬಂಧಕ್ಕೆ 1943ರಲ್ಲಿ ಕೇಂಬ್ರಿಜ್ ಡಾಕ್ಟರೇಟ್ ನೀಡಿತು. 1946ರಿಂದ ಬದುಕಿನ ಕೊನೆಯವರೆಗೂ ಅವರ ನೆಲೆ ಟೊರಾಂಟೊ ವಿಶ್ವವಿದ್ಯಾಲಯದ ಸೇಂಟ್ ಮೈಕೇಲ್ಸ್ ಕಾಲೇಜು.

1951ರಲ್ಲಿ ಬಂದ ಮೊದಲ ಪುಸ್ತಕ ‘ದಿ ಮೆಕ್ಯಾನಿಕಲ್ ಬ್ರೈಡ್’. ಸಾಬೂನು, ಕಾರು, ಕಾಲುಚೀಲಗಳ ಜಾಹೀರಾತುಗಳನ್ನು ಎದುರಿಗಿಟ್ಟುಕೊಂಡು, ಕವಿತೆಯನ್ನು ಬಿಡಿಸುವ ಶ್ರದ್ಧೆಯಿಂದ ಅವುಗಳನ್ನು ಬಿಡಿಸಿದ ಕೃತಿ. ಪುಸ್ತಕ ಮಾರಾಟವಾಗಲಿಲ್ಲ. ಆದರೆ ಮೆಕ್ಲುಹಾನ್ ಅವರನ್ನು ತಿಳಿಯಬಯಸುವವರು ಅದರ ಮುನ್ನುಡಿಯಿಂದಲೇ ಆರಂಭಿಸಬೇಕು. ಅಲ್ಲಿ ಅವರು ಎಡ್ಗರ್ ಆಲನ್ ಪೋ ಬರೆದ ಕತೆಯೊಂದನ್ನು ನೆನೆಯುತ್ತಾರೆ. ನಾರ್ವೆಯ ಕಡಲಿನ ದೈತ್ಯ ಸುಳಿಗೆ ಬೆಸ್ತನೊಬ್ಬನ ದೋಣಿ ಸಿಕ್ಕಿಕೊಳ್ಳುತ್ತದೆ. ಎದುರೀಜಿದರೆ ಸಾವು, ಸುಮ್ಮನಿದ್ದರೂ ಸಾವು. ಆತ ಸುಳಿಯನ್ನು ಗಮನಿಸತೊಡಗುತ್ತಾನೆ. ಯಾವ ವಸ್ತು ಬೇಗ ಮುಳುಗುತ್ತದೆ, ಯಾವುದು ನಿಧಾನ? ಪೀಪಾಯಿಯ ಆಕಾರದ ವಸ್ತುಗಳು ನಿಧಾನವಾಗಿ ಇಳಿಯುವುದನ್ನು ಕಂಡು, ತನ್ನನ್ನು ಒಂದು ಪೀಪಾಯಿಗೆ ಕಟ್ಟಿಕೊಂಡು ನೀರಿಗೆ ಹಾರಿ ಬದುಕುತ್ತಾನೆ. ಮೆಕ್ಲುಹಾನ್ ಮಾಡಿದ್ದು ಇಷ್ಟೇ. ಸುಳಿಯನ್ನು ಕೂತು ವರ್ಣಿಸುವವನು ಸುಳಿಯ ಪ್ರೇಮಿಯಿರಬೇಕೆಂದು ನಾವು ತಿಳಿದೆವು.

ಟೊರಾಂಟೊದಲ್ಲೇ ಇದ್ದ ಇನ್ನೊಬ್ಬರು ಅವರ ದಾರಿಯನ್ನು ತಿರುಗಿಸಿದರು. ಹೆರಾಲ್ಡ್ ಇನಿಸ್ ಅರ್ಥಶಾಸ್ತ್ರಜ್ಞರು. ಕೆನಡಾದ ತುಪ್ಪಳದ ವ್ಯಾಪಾರ, ಕಾಡ್ ಮೀನುಗಾರಿಕೆಗಳ ಚರಿತ್ರೆ ಬರೆದವರು. ತುಪ್ಪಳದಿಂದ ಮರಕ್ಕೆ, ಮರದ ತಿರುಳಿನಿಂದ ಕಾಗದಕ್ಕೆ, ಕಾಗದದಿಂದ ಪತ್ರಿಕೆಗೆ ಅವರ ಆಸಕ್ತಿ ಸಾಗಿತು. ಕಲ್ಲು, ಜೇಡಿಮಣ್ಣಿನ ಮೇಲೆ ಬರೆದ ನಾಗರಿಕತೆಗಳು ಕಾಲವನ್ನು ಗೆಲ್ಲಲು ನೋಡಿದವು, ಹಗುರವಾದ ಪಪೈರಸ್ ಮತ್ತು ಕಾಗದವನ್ನು ನೆಚ್ಚಿದವು ದೂರದ ನೆಲವನ್ನು ಆಳಲು ಹೊರಟವು ಎಂಬುದು ಇನಿಸ್ ಕಂಡುಕೊಂಡ ಸೂತ್ರ. ತನ್ನ ಪುಸ್ತಕವನ್ನು ಇನಿಸ್ ಪಾಠಪಟ್ಟಿಗೆ ಸೇರಿಸಿದ್ದಾರೆಂದು ಕೇಳಿ ಮೆಕ್ಲುಹಾನ್ ಅವರನ್ನು ಓದಿದರು. 1952ರಲ್ಲಿ ಇನಿಸ್ ತೀರಿಕೊಂಡರು. ತನ್ನ ‘ದಿ ಗುಟೆನ್‌ಬರ್ಗ್ ಗ್ಯಾಲಕ್ಸಿ’ಯನ್ನು ಇನಿಸ್ ಕೆಲಸಕ್ಕೆ ಬರೆದ ಅಡಿಟಿಪ್ಪಣಿಯೆಂದು ಮೆಕ್ಲುಹಾನ್ ಕರೆದುಕೊಂಡದ್ದು ಬರೀ ವಿನಯವಲ್ಲ, ಸತ್ಯವೂ ಹೌದು.

1953ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಮಾನವಶಾಸ್ತ್ರಜ್ಞ ಎಡ್ಮಂಡ್ ಕಾರ್ಪೆಂಟರ್ ಅವರ ಜೊತೆ ನಡೆಸಿದ ವಿಚಾರಗೋಷ್ಠಿ, ‘ಎಕ್ಸ್‌ಪ್ಲೊರೇಷನ್ಸ್’ ಎಂಬ ನಿಯತಕಾಲಿಕ, ಇವು ಆ ದಶಕದ ಫಲಗಳು. ಒಂದೇ ಉಪನ್ಯಾಸವನ್ನು ವಿದ್ಯಾರ್ಥಿಗಳ ಒಂದು ಗುಂಪಿಗೆ ತರಗತಿಯಲ್ಲಿ, ಒಂದಕ್ಕೆ ರೇಡಿಯೊದಲ್ಲಿ, ಒಂದಕ್ಕೆ ಟಿ.ವಿ.ಯಲ್ಲಿ, ಇನ್ನೊಂದಕ್ಕೆ ಮುದ್ರಿಸಿ ಕೊಟ್ಟು ಪರೀಕ್ಷೆ ಮಾಡಿದರು. ಟಿ.ವಿ. ಮತ್ತು ರೇಡಿಯೊದವರು ಮುಂದೆ ಬಂದರು, ತರಗತಿಯವರೂ ಮುದ್ರಣದವರೂ ಹಿಂದೆ ಬಿದ್ದರು. ಅಧ್ಯಾಪಕರಿಗೆ ಹಿತವಾಗುವ ಫಲಿತಾಂಶವಲ್ಲ.

1962ರ ‘ಗುಟೆನ್‌ಬರ್ಗ್ ಗ್ಯಾಲಕ್ಸಿ’ ಅಚ್ಚಿನ ಮೊಳೆ ಮನುಷ್ಯನನ್ನು ಏನು ಮಾಡಿತೆಂದು ಕೇಳಿತು. ಒಂಟಿಯಾಗಿ, ಮೌನವಾಗಿ, ಸಾಲು ಹಿಡಿದು ಓದುವ ಅಭ್ಯಾಸವೇ ಖಾಸಗಿ ವ್ಯಕ್ತಿಯನ್ನೂ ರಾಷ್ಟ್ರವೆಂಬ ಭಾವನೆಯನ್ನೂ ರೂಪಿಸಿತೆಂದು ಅದು ವಾದಿಸಿತು. 1964ರ ‘ಅಂಡರ್‌ಸ್ಟ್ಯಾಂಡಿಂಗ್ ಮೀಡಿಯಾ’ ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತು. ಮಾಧ್ಯಮ ಹೊತ್ತು ತರುವ ಸುದ್ದಿಗಿಂತ ಆ ಮಾಧ್ಯಮ ಬಂದಿದೆ ಎಂಬುದೇ ದೊಡ್ಡ ಸುದ್ದಿ ಎನ್ನುವ ಅರ್ಥದ ಅವರ ಮಾತು ಎಲ್ಲರ ಬಾಯಲ್ಲೂ ನಲಿದಾಡಿತು. ಅದಕ್ಕೆ ಅವರು ಕೊಟ್ಟ ಉದಾಹರಣೆ ವಿದ್ಯುದ್ದೀಪ. ದೀಪ ಯಾವ ಸುದ್ದಿಯನ್ನೂ ಹೇಳುವುದಿಲ್ಲ, ಆದರೆ ರಾತ್ರಿಯನ್ನೇ ಬದಲಿಸಿಬಿಡುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಕಂಡಿದ್ದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಹದಿಮೂರರ ಹುಡುಗನಾಗಿ ನಾನು ಅಂಥದೊಂದು ಊರಿನ ಶಾಲೆಯ ಮುಂದೆ, ಜಾಲರಿಯ ಕೊಡೆಯ ಕೆಳಗೆ ಕೂತು ಟಿ.ವಿ. ನೋಡಿದವನು. ಬೇಸಾಯದ ಬಗ್ಗೆ ಏನು ಹೇಳಿದರೋ ಒಂದಕ್ಷರವೂ ನೆನಪಿಲ್ಲ. ನೆನಪಿರುವುದು ಇಷ್ಟು: ಸಂಜೆ ಕಟ್ಟೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಿದ್ದ ಹಿರಿಯರು ಅಂದು ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ಕೂತಿದ್ದರು.

ಹಳ್ಳಿಯಲ್ಲಿ ಬೆಳೆದ ನಾನು ಜಾಗತಿಕ ಹಳ್ಳಿಯನ್ನು ತಪ್ಪಾಗಿ ಓದಬಾರದಿತ್ತು. ಊರೆಂದರೆ ಒಕ್ಕಲುತನದ ಒಗ್ಗಟ್ಟು ಎಷ್ಟೋ, ಚಾಡಿ, ಹಗೆ, ಬಹಿಷ್ಕಾರಗಳೂ ಅಷ್ಟೇ ಎಂಬುದು ನನಗೆ ಗೊತ್ತಿತ್ತು. ಮೆಕ್ಲುಹಾನ್ ಆ ಪದ ಬಳಸಿದ್ದೂ ಇದೇ ಅರ್ಥದಲ್ಲಿ. ಎಲ್ಲರೂ ಎಲ್ಲರ ವಿಷಯದಲ್ಲಿ ಮೂಗು ತೂರಿಸುವ, ಖಾಸಗಿತನ ಉಳಿಯದ, ಗುಂಪಿನ ಗುರುತಿಗಾಗಿ ಕಾದಾಡುವ ಜಾಗ ಅದು. ಜನ ಹತ್ತಿರವಾದಷ್ಟೂ ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಡುತ್ತಾರೆಂದು ಅವರು ಎಲ್ಲಿಯೂ ನಂಬಲಿಲ್ಲ.

ಹಾಗೆಂದು ಅವರ ಎಲ್ಲ ಮಾತನ್ನೂ ಒಪ್ಪುವವನಲ್ಲ ನಾನು. ಮಾಧ್ಯಮಗಳನ್ನು ಬಿಸಿ, ತಣ್ಣನೆಯವು ಎಂದು ವಿಂಗಡಿಸಿದ್ದು ಎಂದೂ ನನಗೆ ತೃಪ್ತಿ ಕೊಡಲಿಲ್ಲ; ಪುರಾವೆ ಕೇಳಿದಾಗ ಅವರು ಇನ್ನೊಂದು ಚಮತ್ಕಾರದ ಮಾತು ಹೇಳಿ ಮುಂದೆ ಹೋಗುತ್ತಿದ್ದರು. 1974ರಲ್ಲಿ ಬ್ರಿಟನ್ನಿನ ರೇಮಂಡ್ ವಿಲಿಯಮ್ಸ್ ಟಿ.ವಿ. ಕುರಿತ ತಮ್ಮ ಪುಸ್ತಕದಲ್ಲಿ ಎತ್ತಿದ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ತಂತ್ರಜ್ಞಾನ ಆಕಾಶದಿಂದ ಉದುರುವುದಿಲ್ಲ. ಅದರ ಹಿಂದೆ ಯಾರದೋ ಬಂಡವಾಳ, ಯಾರದೋ ಉದ್ದೇಶ ಇರುತ್ತದೆ. ಮೆಕ್ಲುಹಾನ್ ಅದನ್ನು ಕೇಳಲೇ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅರುವತ್ತರ ದಶಕದಲ್ಲಿ ದೊಡ್ಡ ದೊಡ್ಡ ಕಂಪನಿಗಳ ಅಧಿಕಾರಿಗಳು ಹಣ ಕೊಟ್ಟು ಅವರ ಭಾಷಣ ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದು ಪ್ರವಾದಿ, ಇವರೂ ಆ ಪಾತ್ರವನ್ನು ಪೂರ್ತಿ ನಿರಾಕರಿಸಲಿಲ್ಲ. ಸುಳಿಯನ್ನು ನೋಡುವವನಿಗೂ ಸುಳಿಯ ಸೆಳೆತವಿರುತ್ತದೆ.

1967ರಲ್ಲಿ ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯಕ್ಕೆ ಒಂದು ವರ್ಷದ ಮಟ್ಟಿಗೆ ಹೋದಾಗ ಮೆದುಳಿನಲ್ಲಿ ಗಡ್ಡೆ ಇರುವುದು ಪತ್ತೆಯಾಯಿತು. ನವೆಂಬರ್‌ನಲ್ಲಿ ಬಹಳ ದೀರ್ಘವಾದ ಶಸ್ತ್ರಚಿಕಿತ್ಸೆ ನಡೆಯಿತು. ಜೀವ ಉಳಿಯಿತು, ಆದರೆ ಓದಿದ್ದ ಎಷ್ಟೋ ಪುಸ್ತಕಗಳು ನೆನಪಿನಿಂದ ಅಳಿಸಿಹೋಗಿದ್ದವು. ಟೊರಾಂಟೊಗೆ ಮರಳಿ, ವಿಶ್ವವಿದ್ಯಾಲಯ 1963ರಲ್ಲಿ ಅವರಿಗಾಗಿ ಸ್ಥಾಪಿಸಿದ್ದ ಸಂಸ್ಕೃತಿ ಮತ್ತು ತಂತ್ರಜ್ಞಾನ ಕೇಂದ್ರದಲ್ಲಿ ಮತ್ತೆ ಕೂತರು. ಹಿಂದೆ ಸಾರೋಟು ನಿಲ್ಲಿಸುತ್ತಿದ್ದ ಹಳೆಯ ಕಟ್ಟಡವೇ ಅದರ ನೆಲೆ. ಸೋಮವಾರ ರಾತ್ರಿ ಅಲ್ಲಿ ಗೋಷ್ಠಿ. ಯಾರು ಬೇಕಾದರೂ ಬಂದು ಕೂರಬಹುದಿತ್ತು. ಖ್ಯಾತಿ ಇಳಿಮುಖವಾಗಿತ್ತು. 1977ರಲ್ಲಿ ವುಡಿ ಅಲೆನ್ ಅವರ ‘ಆನಿ ಹಾಲ್’ ಚಿತ್ರದಲ್ಲಿ ಮೆಕ್ಲುಹಾನ್ ತಾವಾಗಿಯೇ ಕಾಣಿಸಿಕೊಂಡು, ಟಿಕೆಟ್ ಸಾಲಿನಲ್ಲಿ ನಿಂತು ತಮ್ಮ ಸಿದ್ಧಾಂತದ ಬಗ್ಗೆ ಕೊರೆಯುತ್ತಿದ್ದ ಪ್ರಾಧ್ಯಾಪಕನೊಬ್ಬನಿಗೆ ನಿನಗೇನೂ ತಿಳಿದಿಲ್ಲವೆಂದು ಮುಖಕ್ಕೆ ಹೇಳುತ್ತಾರೆ. ಮೊದಲು ನೋಡಿದಾಗ ನಕ್ಕಿದ್ದೆ. ಈಗ ಆ ಸಾಲಿನಲ್ಲಿ ನಿಂತವನು ನಾನೇ ಅನ್ನಿಸುತ್ತದೆ.

1979ರ ಸೆಪ್ಟೆಂಬರ್‌ನಲ್ಲಿ ಪಾರ್ಶ್ವವಾಯು ಬಡಿಯಿತು. ಹೋದದ್ದು ಮಾತು. ಓದು, ಬರಹಗಳೂ ಬಹುತೇಕ ಹೋದವು. ಬರೆಯುವುದಕ್ಕಿಂತ ಮಾತನಾಡುತ್ತಲೇ ಯೋಚಿಸುತ್ತಿದ್ದವರು, ನಡುರಾತ್ರಿ ಗೆಳೆಯರಿಗೆ ಫೋನ್ ಮಾಡಿ ಹೊಸದಾಗಿ ಹೊಳೆದದ್ದನ್ನು ಹೇಳುತ್ತಿದ್ದವರು, ಇಬ್ಬರು ಮಾತಾಡುವುದನ್ನು ಕೇಳಿಸಿಕೊಂಡು ಸುಮ್ಮನೆ ಕೂರಬೇಕಾಯಿತು. ಬುದ್ಧಿ ಮಂಕಾಗಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು. ಮನುಷ್ಯನ ಎಲ್ಲ ಉಪಕರಣಗಳೂ ಅವನ ಯಾವುದೋ ಅಂಗದ ವಿಸ್ತರಣೆ ಎಂದವರು ಅವರು. ಮಾತು ಅವುಗಳಲ್ಲಿ ಮೊದಲನೆಯದೆಂದು ನಂಬಿದವರೂ ಹೌದು. 1980ರಲ್ಲಿ ಅವರ ಕೇಂದ್ರವನ್ನು ಮುಚ್ಚಲು ವಿಶ್ವವಿದ್ಯಾಲಯ ಮುಂದಾಯಿತು. ವುಡಿ ಅಲೆನ್ ಸೇರಿದಂತೆ ಹಲವರು ವಿರೋಧಿಸಿ ಪತ್ರ ಬರೆದರು. ತಮ್ಮ ಪರವಾಗಿ ಒಂದು ಮಾತು ಆಡಲು ಮೆಕ್ಲುಹಾನ್ ಅವರಿಗೇ ಸಾಧ್ಯವಿರಲಿಲ್ಲ. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ನಿದ್ದೆಯಲ್ಲೇ ಅವರು ತೀರಿಕೊಂಡರು. ಕೇಂದ್ರ ಮುಂದೆ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು.

ಅಂತರಜಾಲ ಬಂದಮೇಲೆ ಅವರನ್ನು ಮತ್ತೆ ಪ್ರವಾದಿಯ ಪೀಠಕ್ಕೆ ಏರಿಸಲಾಯಿತು. 1993ರಲ್ಲಿ ಆರಂಭವಾದ ‘ವೈರ್ಡ್’ ಪತ್ರಿಕೆ ಅವರನ್ನು ತನ್ನ ಕುಲದೇವರಾಗಿ ಆರಿಸಿಕೊಂಡಿತು. ನನಗೆ ಹೆಚ್ಚು ಪ್ರಿಯವಾದದ್ದು ಅವರು ಬಿಟ್ಟುಹೋದ ಪುಸ್ತಕಗಳ ಸುದ್ದಿ. ಟೊರಾಂಟೊ ವಿಶ್ವವಿದ್ಯಾಲಯದ ಫಿಶರ್ ಗ್ರಂಥಾಲಯದಲ್ಲಿ ಅವರ ಸ್ವಂತ ಸಂಗ್ರಹವಿದೆ. ಒಟ್ಟಾವಾದಲ್ಲಿರುವ ಅವರ ಕಾಗದಪತ್ರಗಳ ಜೊತೆಗೆ ಯುನೆಸ್ಕೊ 2017ರಲ್ಲಿ ಅದನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಹೊಸ ಪುಸ್ತಕ ಕೈಗೆ ಬಂದಾಗ 69ನೆಯ ಪುಟ ತೆರೆದು ನೋಡಿ, ಹಿಡಿಸಿದರೆ ಮಾತ್ರ ಮುಂದುವರಿಯುವುದು ಅವರ ಪದ್ಧತಿ. ಎಷ್ಟೋ ಸಲ ಬಲಬದಿಯ ಪುಟಗಳನ್ನಷ್ಟೇ ಓದುತ್ತಿದ್ದರು, ಎಡಬದಿಯದನ್ನು ತಾವೇ ತುಂಬಿಕೊಳ್ಳಬಹುದೆಂದು. ಆ ಪುಸ್ತಕಗಳ ಅಂಚುಗಳಲ್ಲಿ, ಒಳಹಾಳೆಗಳಲ್ಲಿ ಅವರ ಕೈಬರಹದ ಟಿಪ್ಪಣಿಗಳು ಕಿಕ್ಕಿರಿದಿವೆ.